ಕಾಯ್ದಿರಿಸಿದ ಜಾಗ

ಮುದುಕ ಮತ್ತೆ ಬಾಗಿದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಸೊಂಟದಿಂದ ಸ್ವಲ್ಪವೇ ಬಾಗಿ, ಬಾಗಿಲಿಗೆ ಇಳಿಬಿಟ್ಟ ಬಟ್ಟೆಯನ್ನು ತಲೆಯಿಂದಲೇ ಸರಿಸಿಕೊಂಡು ಹೊರಟುಹೋದ. ಪಟ್ ಎಂದು ಒಂದು ಸಣ್ಣ ಸದ್ದು, ಮರದ ಮೇಲೆ ಬೆರಳಗಿಣ್ಣಿನಿಂದ ಕುಟ್ಟಿದ ಹಾಗೆ. ನೆಗಿಶಿ ತೊಮೊಕೊ ಆಟವನ್ನು ಅಲ್ಲಿಗೇ ನಿಲ್ಲಿಸಿ, ಎರಡು ಕೈಯಲ್ಲಿ ಹಿಡಿದು ಆಡುವ ಆ ಪುಟ್ಟ ಯಂತ್ರವನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿದಳು. ಬೋರಲು ಹಾಕಿದರೂ ಅಂಚಿನಿಂದ ಬೆಳಕು ಸೋರುತ್ತಲೇ ಇತ್ತು. ಬೆಳಗಿನ ಒಂಬತ್ತೂವರೆ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಯಾರೋ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಡಿಯುತ್ತಿದ್ದರು. ಸಂಜೆ ನಾಲ್ಕಕ್ಕೆ ವಿಮರ್ಶೆ ಕಳಿಸಬೇಕು. ಎಂಟುನೂರು ಅಕ್ಷರ, ಕೊನೆಗೆ ಯಾವಾಗಲೂ ಇರುವ ಆ ಒಂದು ಸಾಲು. ಚಿಕ್ಕಪುಟ್ಟ ವಿಡಿಯೋ ಆಟಗಳ ಬಗ್ಗೆ ಒಂದು ಜಾಲತಾಣಕ್ಕೆ ಅವಳು ಬರೆಯಲು ಶುರುಮಾಡಿ ಹನ್ನೊಂದು ವರ್ಷ. ಓದುವವರು ಮೇಲಿನದನ್ನೆಲ್ಲ ಹಾರಿಸಿ ಆ ಕೊನೆಯ ಸಾಲಿಗೇ ಬರುತ್ತಾರೆಂಬುದು ಅವಳಿಗೆ ಗೊತ್ತು. ಬೆಲೆಗೆ ತಕ್ಕದ್ದೇ? ಹೌದು, ಇಲ್ಲ, ಅಥವಾ ಬೆಲೆ ಇಳಿದಾಗ ನೋಡೋಣ. ಈ ಮೂರರಲ್ಲಿ ಒಂದನ್ನು ಆರಿಸುವುದಕ್ಕೆ ಅವಳಿಗೆ ಎಂದೂ ಒಂದು ದಿನಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ಇದು ನಾಲ್ಕನೆಯ ದಿನ.

ಆಟದ ಹೆಸರು ‘ನಮ್ಮ ಬೀದಿಯ ಹೋಟೆಲು’. ಸಾವಿರದ ನಾನೂರ ಎಂಬತ್ತು ಯೆನ್. ಚೆಂದದ ಆಟ, ಅದರಲ್ಲಿ ಸಂಶಯವಿರಲಿಲ್ಲ. ಒಂದು ಉದ್ದನೆಯ ಕೌಂಟರು, ಅದರ ಮುಂದೆ ಒಂಬತ್ತು ಸ್ಟೂಲು, ಹಿಂದೆ ಒಲೆ. ಮಧ್ಯಾಹ್ನದ ಊಟದ ಹೊತ್ತು ನಾಲ್ಕೇ ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಅನ್ನ ಬಡಿಸಬೇಕು, ಮೀನು ಸುಡಬೇಕು, ಸಾರು ಬಿಸಿಮಾಡಬೇಕು, ಬಟ್ಟಲು ತೆಗೆಯಬೇಕು, ದುಡ್ಡು ಈಸಿಕೊಳ್ಳಬೇಕು. ಗಿರಾಕಿಗಳ ತಲೆಯ ಮೇಲೆ ಒಂದೊಂದು ಕೆಂಪು ಹೃದಯ. ತಡವಾದರೆ ಅದು ಕುಗ್ಗುತ್ತದೆ, ಪೂರ್ತಿ ಕುಗ್ಗಿದರೆ ಗಿರಾಕಿ ಎದ್ದುಹೋಗುತ್ತಾನೆ. ಎರಡನೆಯ ದಿನದಿಂದ ಟೋಪಿಯ ಮುದುಕ ಬರಲು ಶುರುಮಾಡುತ್ತಾನೆ. ಗೋಡೆಯ ಪಕ್ಕದ ಕೊನೆಯ ಸ್ಟೂಲಿನಲ್ಲಿ ಕೂತು, ಎಲ್ಲಕ್ಕಿಂತ ಅಗ್ಗದ ಊಟ ಹೇಳಿ, ನಾಲ್ಕು ನಿಮಿಷವೂ ಅದನ್ನೇ ತಿನ್ನುತ್ತಾನೆ. ಅವನು ಕೂತ ಜಾಗದಲ್ಲಿ ಅಷ್ಟು ಹೊತ್ತಿಗೆ ಮೂರು ಜನ ಉಂಡು ಹೋಗಬಹುದಿತ್ತು. ಐದನೆಯ ದಿನದ ಹೊತ್ತಿಗೆ ಆಟ ನಿಮಗೆ ಒಂದು ಪುಟ್ಟ ಫಲಕ ಕೊಡುತ್ತದೆ, ‘ಕಾಯ್ದಿರಿಸಿದೆ’ ಎಂದು ಬರೆದದ್ದು. ಯಾವ ಸ್ಟೂಲಿನ ಮುಂದೆ ಇಟ್ಟರೂ ಅಲ್ಲಿ ಯಾರೂ ಕೂರುವುದಿಲ್ಲ. ಕಚೇರಿಯ ಗುಂಪು ಬಂದಾಗ ಎತ್ತಿಬಿಟ್ಟರಾಯಿತು. ಕೊನೆಯ ಸ್ಟೂಲಿಗೆ ಫಲಕ ಇಟ್ಟರೆ ಮುದುಕ ಬರುತ್ತಾನೆ, ಓದುತ್ತಾನೆ, ಬಾಗುತ್ತಾನೆ, ಹೋಗುತ್ತಾನೆ. ಅವನ ಹೃದಯ ಕುಗ್ಗುವುದಿಲ್ಲ. ಹೋಟೆಲಿನ ಹೆಸರು ಕೆಡುವುದಿಲ್ಲ. ತೊಮೊಕೊ ಮೂರು ದಿನದಿಂದ ಹುಡುಕುತ್ತಿದ್ದುದು ಇದನ್ನೇ: ಎಲ್ಲೋ ಒಂದು ಕಡೆ ಇದಕ್ಕೊಂದು ಶಿಕ್ಷೆ ಇಟ್ಟಿರಬೇಕು, ಮೂವತ್ತನೆಯ ದಿನವೋ ನಲವತ್ತನೆಯ ದಿನವೋ ಯಾರಾದರೂ ಬಂದು ಕೇಳಬೇಕು ಎಂದು. ಆಟದೊಳಗಿನ ಅರವತ್ತು ದಿನ ಆಡಿದಳು. ಯಾರೂ ಕೇಳಲಿಲ್ಲ. ಮುದುಕ ಮಾತ್ರ ದಿನವೂ ಬಂದ, ದಿನವೂ ಬಾಗಿದ.

ಫೋನು ಬಂತು. ಸಂಪಾದಕ ಉಶಿಯೊ. ಅವಳಿಗಿಂತ ಹದಿನೆಂಟು ವರ್ಷ ಚಿಕ್ಕವನು.

“ನೆಗಿಶಿಯವ್ರೇ, ನಾಲ್ಕಕ್ಕೆ ಬರುತ್ತಲ್ವಾ?”

“ಬರುತ್ತೆ.”

“ಏನ್ ಅನ್ಸ್ತು? ನನ್ ಹೆಂಡ್ತಿಯಂತೂ ಅಡುಗೆ ಮಾಡೋದು ಬಿಟ್ಟು ಅದ್ರಲ್ಲೇ ಅಡುಗೆ ಮಾಡ್ತಾ ಕೂತವ್ಳೆ.”

“ಚೆನ್ನಾಗಿದೆ. ಅದ್ರಲ್ಲಿ ಆ ಮುದುಕ ಬರ್ತಾನಲ್ಲ…”

“ಅಯ್ಯೋ, ಆ ನಿಧಾನರಾಯನಾ! ಬೋರ್ಡ್ ಇಟ್ಬಿಡಿ ಅವ್ನಿಗೆ. ಎಲ್ರೂ ಅದೇ ಮಾಡೋದು. ಅಲ್ಲಾ, ನೀವ್ ಇನ್ನೂ ಅವ್ನಿಗೆ ಊಟ ಹಾಕ್ತಿದ್ರಾ?” ಉಶಿಯೊ ನಕ್ಕ. “ಸರಿ, ದುಡ್ಡಿಗೆ ಮೋಸ ಇಲ್ಲ ತಾನೆ? ಅಷ್ಟು ಹೇಳ್ಬಿಡಿ ಸಾಕು.”

ತೊಮೊಕೊ ಕೂಡ ನಕ್ಕಳು. ತಾನು ಆ ನಗೆ ನಕ್ಕದ್ದು ಫೋನು ಇಟ್ಟ ಮೇಲೆ ಕಿವಿಗೆ ಬಿತ್ತು. ಅದು ಅವಳ ಇಪ್ಪತ್ತನಾಲ್ಕನೆಯ ವಯಸ್ಸಿನ ನಗೆ, ಅತ್ತೆಯ ಹೋಟೆಲಿನಲ್ಲಿ ಗಿರಾಕಿಗಳು ಏನು ಅಂದರೂ ನಗುತ್ತಿದ್ದ ನಗೆ. ಅತ್ತೆ ಫುಸಾಯೆ ಅಪ್ಪನ ತಂಗಿ. ಅಮಗಸಾಕಿಯಲ್ಲಿ, ರೈಲು ಹಳಿಗೆ ಬೆನ್ನು ಕೊಟ್ಟು ನಿಂತ ಒಂದು ಸಾಲಿನಲ್ಲಿ ಅವಳ ಹೋಟೆಲಿತ್ತು. ಎಂಟು ಸ್ಟೂಲು. ಕಾಲೇಜು ಮುಗಿಸಿ ಎಲ್ಲೂ ಕೆಲಸ ಸಿಗದೆ ತೊಮೊಕೊ ಅಲ್ಲಿ ಎರಡು ವರ್ಷ ಬಡಿಸಿದಳು. ಹನ್ನೆರಡು ಹೊಡೆದರೆ ಕಾರ್ಖಾನೆಯವರು, ಬ್ಯಾಂಕಿನವರು ಬಾಗಿಲಲ್ಲಿ ನಿಲ್ಲುವರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು ಗೋಡೆಯ ಪಕ್ಕ ಕೂರುತ್ತಿದ್ದವರು ಮುರಾಸೆ. ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡಿದ್ದವರು, ಒಂಟಿ, ಒಂದು ಸಲ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು, ಬಲಗಾಲು ಎಳೆದುಕೊಂಡು ನಡೆಯುತ್ತಿದ್ದರು. ಸುಟ್ಟ ಬಂಗುಡೆ, ಅರ್ಧ ಬಟ್ಟಲು ಅನ್ನ, ಮಿಸೊ ಸಾರು. ಎಡಗೈಯಲ್ಲಿ ಊಟದ ಕಡ್ಡಿ ಹಿಡಿದು ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸುವುದಕ್ಕೇ ಇಪ್ಪತ್ತು ನಿಮಿಷ. ಮೈಯಿಂದ ನೋವಿಗೆ ಅಂಟಿಸುವ ಪಟ್ಟಿಯ ಕರ್ಪೂರದ ವಾಸನೆ. ಆ ವಾಸನೆ ಮಾತ್ರ ಈಗಲೂ ಔಷಧಿ ಅಂಗಡಿಯ ಬಾಗಿಲಲ್ಲಿ ತೊಮೊಕೊಳ ಕಾಲು ಕಟ್ಟಿಹಾಕುತ್ತದೆ. ಮುಖ ನೆನಪಾಗುವುದಿಲ್ಲ. ನಾಲ್ಕು ದಿನದಿಂದ ಪ್ರಯತ್ನಿಸಿದಾಗಲೆಲ್ಲ ಬರುತ್ತಿರುವುದು ಆಟದ ಮುದುಕನ ಮುಖ. ಎರಡು ಚುಕ್ಕೆಯ ಕಣ್ಣು, ಒಂದು ಗೆರೆಯ ಬಾಯಿ.

ಒಂದು ಮಂಗಳವಾರ ಮುರಾಸೆಯವರ ಕೈಯಿಂದ ಸಾರಿನ ಬಟ್ಟಲು ಜಾರಿ ಪಕ್ಕದವನ ಪ್ಯಾಂಟಿನ ಮೇಲೆ ಬಿತ್ತು. ಬೂದು ಸೂಟಿನ ಆ ಮನುಷ್ಯ ಮುರಾಸೆಯನ್ನು ಬೈಯಲಿಲ್ಲ. ತೊಮೊಕೊಳ ಕಡೆ ತಿರುಗಿ, “ಏನಮ್ಮಾ, ನಿಂತ್ಕೊಂಡ್ ನೋಡ್ತಿದೀಯ?” ಎಂದ. ಅವಳು ಕೌಂಟರಿನಿಂದ ಹೊರಗೆ ಬಂದು, ಎಂಟು ಜನ ನೋಡುತ್ತಿರುವಾಗ ನೆಲಕ್ಕೆ ಮಂಡಿಯೂರಿ ಅವನ ಮೊಣಕಾಲು ಒರೆಸಿದಳು. “ಬೂಟ್ಸೂ,” ಎಂದ. ಬೂಟು ಒರೆಸಿದಳು. ಒರೆಸುವಾಗ ಪಕ್ಕದಲ್ಲಿ ಮುರಾಸೆಯವರ ಕಾಲು ನಡುಗುತ್ತಿದ್ದುದು ಕಾಣುತ್ತಿತ್ತು. ಕ್ಷಮಿಸು, ಕ್ಷಮಿಸು ಎಂದು ಅವರು ಅವಳ ತಲೆಯ ಮೇಲಿನಿಂದ ಹೇಳುತ್ತಲೇ ಇದ್ದರು. ಆ ಸೂಟಿನವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ವಿಚಿತ್ರವೆಂದರೆ ಅದೇ. ಇಷ್ಟು ವರ್ಷದ ಮೇಲೂ ಅವನ ಮೇಲೆ ಸಿಟ್ಟು ಬರುವುದಿಲ್ಲ. ಸಿಟ್ಟೆಲ್ಲ ಆ ನಡುಗುವ ಕಾಲಿನ ಮೇಲೆ ಬಂದಿತ್ತು. ಮಾರನೆಯ ದಿನ ರಟ್ಟಿನ ಪೆಟ್ಟಿಗೆಯೊಂದರ ಮುಚ್ಚಳ ಕತ್ತರಿಸಿ, ದಪ್ಪ ಪೆನ್ನಿನಲ್ಲಿ ‘ಕಾಯ್ದಿರಿಸಿದೆ’ ಎಂದು ನೀಟಾಗಿ ಬರೆದು, ಗೋಡೆಯ ಪಕ್ಕದ ಜಾಗಕ್ಕೆ ಇಟ್ಟಳು. ಅತ್ತೆ ಒಲೆಯ ಕಡೆ ಮುಖ ಮಾಡಿದ್ದಳು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮುರಾಸೆ ಬಂದರು, ಓದಿದರು. “ಓ, ಹೌದಾ, ಹೌದಾ,” ಎಂದು ಬಾಗಿ ಹೋದರು. ಬೇರೆ ಏಳು ಸ್ಟೂಲು ಖಾಲಿ ಇದ್ದವು. ಅಲ್ಲಿ ಕೂರಬಹುದೇ ಎಂದು ಅವರು ಕೇಳಲಿಲ್ಲ, ಕೂರಿ ಎಂದು ಇವಳು ಹೇಳಲಿಲ್ಲ. ಗುರುವಾರ ಬಂದರು. ಶುಕ್ರವಾರ ಬಂದರು. ಸೋಮವಾರವೂ ಮಂಗಳವಾರವೂ ಬಂದು ಬಾಗಿದರು. ಬುಧವಾರ ಬರಲಿಲ್ಲ.

ಮುರಾಸೆಯವರು ಯಾಕೆ ಕಾಣ್ತಿಲ್ಲ ಎಂದು ಅತ್ತೆ ಕೇಳಿದ್ದು ಹತ್ತು ದಿನ ಕಳೆದ ಮೇಲೆ. ಒಂದು ಡಬ್ಬಿಯಲ್ಲಿ ಊಟ ಕಟ್ಟಿ, ಜ್ವರಗಿರ ಬಂದಿದೆಯೋ ಏನೋ ನೋಡಿಕೊಂಡು ಬಾ ಎಂದು ಕಳಿಸಿದಳು. ತೊಮೊಕೊ ಅವರ ಓಣಿಯ ತಿರುವಿನವರೆಗೆ ಹೋಗಿ, ಕಾಲುವೆಯ ಕಟ್ಟೆಯ ಮೇಲೆ ಕೂತು ಆ ಊಟವನ್ನು ತಾನೇ ಉಂಡು, ಖಾಲಿ ಡಬ್ಬಿ ತಂದು, “ನಗೋಯದಲ್ಲಿರೋ ಮಗಳ ಮನೆಗೆ ಹೋದ್ರಂತೆ, ಅಲ್ಲೇ ಇರ್ತಾರಂತೆ. ಊಟಾನ ಪಕ್ಕದ್ಮನೆಯವ್ರಿಗೆ ಕೊಟ್ಟೆ,” ಎಂದಳು. ಮುರಾಸೆಯವರಿಗೆ ಮಗಳಿದ್ದಾಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. “ಒಂದ್ ಮಾತೂ ಹೇಳ್ದೆ ಹೋದ್ರಲ್ಲ,” ಎಂದಳು ಅತ್ತೆ, ಅಷ್ಟೆ. ಆ ಬಂಗುಡೆಯ ಉಪ್ಪು ತೊಮೊಕೊಗೆ ಇನ್ನೂ ನೆನಪಿದೆ. ತುಂಬ ಚೆನ್ನಾಗಿತ್ತು.

ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಅವಳು ಹೊರಟಳು. ಎಲ್ಲಿಗೆಂದು ನಿಶ್ಚಯಿಸಿದ್ದು ರೈಲು ಹತ್ತಿದ ಮೇಲೆ. ಹೋಟೆಲು ನಡೆಸಿದವಳ ಅಭಿಪ್ರಾಯ ಕೇಳಿದರೆ ವಿಮರ್ಶೆಗೆ ಒಳ್ಳೆಯದು ಎಂದು ತನಗೆ ತಾನೇ ಹೇಳಿಕೊಂಡಳು. ಎರಡು ನಿಲ್ದಾಣ. ಎದುರು ಸೀಟಿನಲ್ಲಿ ಒಬ್ಬ ಹೆಂಗಸು ಅಂಥದೇ ಯಂತ್ರದಲ್ಲಿ ಏನೋ ಆಡುತ್ತಿದ್ದಳು. ಏನೆಂದು ಕಾಣುತ್ತಿರಲಿಲ್ಲ. ಆದರೂ ಅವಳ ಹೆಬ್ಬೆರಳು ನಿಂತಾಗಲೆಲ್ಲ ತೊಮೊಕೊಗೆ ಮುದುಕ ಹೋಗುವಾಗಿನ ಆ ಪಟ್ ಎಂಬ ಸದ್ದು ಕೇಳಿಸಿತು.

ಹೋಟೆಲಿದ್ದ ಕಟ್ಟಡವನ್ನು ಕೆಡವಿದ ಮೇಲೆ ಅತ್ತೆ ಸುಮ್ಮನೆ ಕೂತವಳಲ್ಲ. ಎಪ್ಪತ್ತಾರರಲ್ಲೂ ಹಳಿಯ ಈಚೆಗಿನ ಒಂದು ಸಾರ್ವಜನಿಕ ಸ್ನಾನದ ಮನೆಯಲ್ಲಿ ಬಾಗಿಲ ಬಳಿಯ ಎತ್ತರದ ಪೀಠದಲ್ಲಿ ಕೂತು ದುಡ್ಡು ಈಸಿಕೊಳ್ಳುವ ಕೆಲಸ ಮಾಡುತ್ತಿದ್ದಳು. ಬಾಗಿಲು ತೆರೆಯುವುದು ಮೂರಕ್ಕೆ. ತೊಮೊಕೊ ಹೋದಾಗ ಹನ್ನೊಂದು ಗಂಟೆ. ಅತ್ತೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನೆಲಕ್ಕೆ ಕೂತು ಟವೆಲು ಮಡಿಸುತ್ತಿದ್ದಳು.

“ಏನ್ ತೊಮೊ, ಸ್ನಾನ ಮಾಡಿ ಎಷ್ಟ್ ದಿನ ಆಯ್ತು, ಇಷ್ಟ್ ಬೇಗ ಓಡ್ಬಂದಿದೀಯ?”

“ಒಂದು ಆಟ ತಂದಿದೀನಿ ಅತ್ತೆ. ಹೋಟ್ಲು ನಡ್ಸೋ ಆಟ. ನೀನ್ ಆಡಿ ಹೇಳ್ಬೇಕು, ದುಡ್ಡಿಗೆ ತಕ್ಕ ಹಾಗಿದ್ಯಾ ಅಂತ.”

“ಮೂವತ್ತೊಂದು ವರ್ಷ ಆಡಿದ್ದು ಸಾಲ್ದಾ?” ಎಂದರೂ ಅತ್ತೆ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಯಾವ ಗುಂಡಿ ಏನೆಂದು ತೊಮೊಕೊ ತೋರಿಸಿದಳು. ಅತ್ತೆ ಬಹುಬೇಗ ಕಲಿತಳು. “ಅಕ್ಕಿ ತೊಳೆಯೋರ್ ಯಾರು? ಒಲೆ ಉಜ್ಜೋರ್ ಯಾರು? ಇದೊಳ್ಳೆ ಕತೆ!” ಎಂದು ಬೈಯುತ್ತ, “ಬಂದೆ ಬಂದೆ, ಆತುರ ಪಡ್ಬೇಡಪ್ಪ,” ಎಂದು ಪರದೆಯ ಗಿರಾಕಿಗೆ ಸಮಾಧಾನ ಹೇಳುತ್ತ, ಇಪ್ಪತ್ತು ವರ್ಷ ಚಿಕ್ಕವಳಾಗಿಬಿಟ್ಟಳು. ತೊಮೊಕೊ ಅವಳ ಪಕ್ಕ ಕೂತು ಒಂದೊಂದೇ ಟವೆಲು ಮಡಿಸಿದಳು. ಎರಡನೆಯ ದಿನ ಟೋಪಿಯ ಮುದುಕ ಬಂದ. ಅತ್ತೆ ಅವನಿಗೆ ಊಟ ಕೊಟ್ಟಳು. ಅವನು ತಿನ್ನುತ್ತಲೇ ಇದ್ದ, ಬಾಗಿಲಲ್ಲಿ ನಿಂತವರ ಹೃದಯಗಳು ಒಂದೊಂದಾಗಿ ಕುಗ್ಗಿದವು. ಮೂರನೆಯ ದಿನ, ನಾಲ್ಕನೆಯ ದಿನ. ಐದನೆಯ ದಿನ ಫಲಕ ಬಂತು. ಅದರಲ್ಲಿ ಏನು ಬರೆದಿದೆಯೆಂದು ಅತ್ತೆ ಓದಿದಳು. ಯಂತ್ರವನ್ನು ಮೆಲ್ಲಗೆ ಮಡಿಲಲ್ಲಿ ಇಳಿಸಿದಳು. ಪರದೆಯಲ್ಲಿ ಗಿರಾಕಿಗಳು ಬರುತ್ತಿದ್ದರು, ಯಾರೂ ಬಡಿಸುತ್ತಿರಲಿಲ್ಲ, ಸಂಗೀತ ಮಾತ್ರ ಕುಣಿಯುತ್ತಿತ್ತು.

“ಅತ್ತೆ, ಮುರಾಸೆಯವ್ರು ನಗೋಯಕ್ಕೆ ಹೋಗ್ಲಿಲ್ಲ.”

“ಗೊತ್ತು.”

“ನಾನು ಒಂದು ರಟ್ಟಿನಲ್ಲಿ…”

“ಅದೂ ಗೊತ್ತು. ಎಂಟು ಸ್ಟೂಲಿನ ಹೋಟ್ಲು ಕಣೇ ಅದು. ಅಲ್ಲೊಂದು ರಟ್ಟು ಇಟ್ರೆ ನಂಗೆ ಕಾಣಲ್ವಾ?” ಅತ್ತೆ ಕನ್ನಡಕ ತೆಗೆದು ಟವೆಲಿನ ಅಂಚಿನಿಂದ ಒರೆಸತೊಡಗಿದಳು. “ಮೊದಲ್ನೇ ದಿನಾನೇ ನೋಡ್ದೆ. ತೆಗ್ದುಬಿಡೋಣ ಅಂತ ಕೈಯೂ ಚಾಚ್ದೆ. ಅಷ್ಟರಲ್ಲಿ ಬಾಣ್ಲೀಲಿ ಎಣ್ಣೆ ಕಾದಿತ್ತು. ಅವ್ರು ಬಂದು ಹೋಗಿದ್ದು ಬೆನ್ನಿಗೇ ಗೊತ್ತಾಯ್ತು. ಆ ಕರ್ಪೂರದ ವಾಸ್ನೆ ಬಂತು, ಹೋಯ್ತು. ಏನ್ ಹೇಳ್ಲಿ ತೊಮೊ, ಅವತ್ತು ಮಧ್ಯಾಹ್ನ ನಂಗೆ ಹಾಯ್ ಅನ್ಸ್ತು. ಐದು ದಿನಾನೂ ಹಾಯ್ ಅನ್ಸ್ತು. ಅದಕ್ಕೇ ನೀನು ನಗೋಯ ಅಂದಾಗ ಆ ಮಾತನ್ನ ಗಟ್ಟಿಯಾಗಿ ಹಿಡ್ಕೊಂಡೆ. ಡಬ್ಬಿ ಕೊಟ್ಟು ಕಳ್ಸಿದ್ದು ಕೂಡ ನೀನು ಸುಳ್ಳು ಹೇಳ್ತೀಯ ಅಂತಾನೇ ಇರ್ಬೇಕು.”

ಇಪ್ಪತ್ತೈದು ವರ್ಷ ತೊಮೊಕೊ ತಾನೊಬ್ಬಳೇ ಹೊತ್ತಿದ್ದೇನೆಂದು ಅಂದುಕೊಂಡಿದ್ದ ಭಾರದಲ್ಲಿ ಇನ್ನೊಂದು ಕೈ ಇತ್ತು. ಹಗುರಾಗಬೇಕಿತ್ತು, ಆಗಲಿಲ್ಲ. ಅತ್ತೆಯ ಮೇಲೆ ಸಣ್ಣದೊಂದು ಅಸೂಯೆಯೇ ಆಯಿತು. ತನ್ನ ಪಾಪವನ್ನು ಯಾರೋ ಹೇಳದೆ ಕೇಳದೆ ಪಾಲು ಮಾಡಿಕೊಂಡಂತೆ. ಬೂಟು ಒರೆಸಿದ್ದನ್ನೂ ಅತ್ತೆ ನೋಡಿದ್ದಳಲ್ಲವೆ? ಆಗಲೂ ಬೆನ್ನು ತಿರುಗಿಸಿಕೊಂಡೇ ಇದ್ದಳೆ? ಕೇಳಬೇಕೆನಿಸಿತು. ಅತ್ತೆಯ ಕೈ ಕನ್ನಡಕದ ಅದೇ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿತ್ತು. ಕೇಳಲಿಲ್ಲ.

“ಎರಡು ವರ್ಷ ಆದ್ಮೇಲೆ ಒಂದ್ಸಲ ನೋಡ್ದೆ ಅವ್ರನ್ನ,” ಎಂದಳು ಅತ್ತೆ. “ಹಳಿ ಆಚೆ ಉದೋನ್ ಶಾವಿಗೆ ಅಂಗ್ಡಿ ಇದ್ಯಲ್ಲ, ಕಿನುಯೊ ಅಂತ ಅವ್ಳದ್ದು. ಸೈಕಲ್ ಮೇಲೆ ಹೋಗ್ತಿದ್ದೆ. ಗಾಜಿನೊಳ್ಗೆ ಕೂತಿದ್ರು. ಸೈಕಲ್ ತಿರುಗ್ಸಿ ವಾಪಸ್ ಬಂದ್ಬಿಟ್ಟೆ. ಆಮೇಲೆ ಆ ರಸ್ತೇಲಿ ಹೋಗೇ ಇಲ್ಲ ನಾನು. ಮಾರ್ಕೆಟ್ಟಿಗೂ ಸುತ್ತು ಹಾಕ್ಕೊಂಡೇ ಹೋಗ್ತೀನಿ.”

“ಆ ಅಂಗ್ಡಿ ಇನ್ನೂ ಇದ್ಯಾ?”

“ಇರ್ಬೇಕು. ಹೋಗ್ತೀಯಾ?” ಅತ್ತೆ ಯಂತ್ರವನ್ನು ಅವಳ ಕೈಗೆ ವಾಪಸು ಕೊಟ್ಟಳು. ಪರದೆಯ ಮೇಲೆ ದಿನ ಮುಗಿದಿತ್ತು, ಒಬ್ಬ ಗಿರಾಕಿಯೂ ಉಂಡಿರಲಿಲ್ಲ. “ಕೆಟ್ಟ ಸುದ್ದಿ ಆದ್ರೆ ನಂಗೆ ಹೇಳ್ಬೇಡ.”

ಹಳಿಯ ಗೇಟು ಮುಚ್ಚಿತ್ತು. ಗಂಟೆ ಬಾರಿಸುತ್ತಿತ್ತು, ಒಂದು ಕಡೆಯ ರೈಲು ಹೋದರೂ ಇನ್ನೊಂದು ಕಡೆಯ ಕೆಂಪು ಬಾಣದ ದೀಪ ಆರಲಿಲ್ಲ. ಮುರಾಸೆಯವರೂ ಹೀಗೇ ನಿಂತಿರಬೇಕು, ಹೊಸ ಅಂಗಡಿ ಹುಡುಕಿಕೊಂಡು ಹೋದ ಮೊದಲ ದಿನ. ಆ ಕಾಲಿನಲ್ಲಿ, ಗೇಟು ತೆರೆದಿರುವ ಅಷ್ಟು ಹೊತ್ತಿನಲ್ಲಿ, ನಾಲ್ಕು ಹಳಿ ದಾಟುವುದು ಅವರಿಗೆ ಹೇಗೆ ಸಾಧ್ಯವಾಗಿತ್ತು ಎಂದು ತೊಮೊಕೊ ಯೋಚಿಸಿದಳು. ದಿನವೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಈ ಗಂಟೆ ಆಗ ಅತ್ತೆಯ ಹೋಟೆಲಿನೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕೇಳಿದಾಗಲೆಲ್ಲ ತಾನು ಬಟ್ಟಲು ತೊಳೆಯುತ್ತಿದ್ದಳು. ಗೇಟು ಎದ್ದಿತು. ಅವಳು ಬೇಕೆಂದೇ ಮೆಲ್ಲಗೆ, ಬಲಗಾಲು ಎಳೆಯುತ್ತ ನಡೆದು ನೋಡಿದಳು. ಮೂರನೆಯ ಹಳಿಯ ಹತ್ತಿರ ಇರುವಾಗಲೇ ಗಂಟೆ ಮತ್ತೆ ಶುರುವಾಯಿತು. ಹಿಂದಿನಿಂದ ಸೈಕಲಿನವನೊಬ್ಬ, “ಏನ್ರೀ, ಸಾಯ್ತೀರಾ?” ಎಂದು ಕೂಗಿದ. ನಾಚಿಕೆಯಾಗಿ ಓಡಿದಳು.

ಉದೋನ್ ಅಂಗಡಿಯಲ್ಲಿ ಮಧ್ಯಾಹ್ನದ ನೂಕುನುಗ್ಗಲು ಇಳಿಯುತ್ತ ಬಂದಿತ್ತು. ಕಿನುಯೊ ಎಂಬಾಕೆ ಎಪ್ಪತ್ತು ದಾಟಿದವಳು, ದೊಡ್ಡ ಗಂಟಲಿನವಳು. ತೊಮೊಕೊ ಶಾವಿಗೆ ತರಿಸಿಕೊಂಡು, ಅರ್ಧ ಉಂಡು, ಧೈರ್ಯ ಮಾಡಿದಳು.

“ತುಂಬ ವರ್ಷದ ಹಿಂದೆ ಇಲ್ಲಿಗೆ ಮುರಾಸೆ ಅನ್ನೋರು ಬರ್ತಿದ್ರಾ? ಬಲಗೈ ಸ್ವಲ್ಪ…”

“ಹಡಗುಕಟ್ಟೆ ಮುರಾಸೆ? ಬರ್ತಿದ್ರಾ ಅಂತ ಕೇಳ್ತೀರಲ್ಲ! ಒಂಬತ್ತು ವರ್ಷ ಬಂದ್ರು. ತೀರ್ಕೊಳ್ಳೋ ಹಿಂದಿನ್ ವಾರದ ತನ್ಕ ಬಂದ್ರು. ನಿದ್ದೇಲೇ ಹೋದ್ರಂತೆ, ಪುಣ್ಯಾತ್ಮ. ನೀವೇನಾಗ್ಬೇಕು ಅವ್ರಿಗೆ?”

“ನಾನು… ಆಚೆ ಕಡೆ ಹೋಟ್ಲಲ್ಲಿ ಬಡಿಸ್ತಿದ್ದೆ. ನೆಗಿಶಿ ಅಂತ.”

“ಅಯ್ಯೋ, ಆ ಬಂಗುಡೆ ಹೋಟ್ಲಾ!” ಕಿನುಯೊ ಕೈಯಲ್ಲಿದ್ದ ಜಾಲರಿ ಸೌಟು ಕೆಳಗಿಟ್ಟಳು. “ಎಷ್ಟ್ ಬೈದಿದೀನಿ ಗೊತ್ತಾ ನಾನು ನಿಮ್ಮನ್ನ! ಶಾವಿಗೆ ತಿಂತಾ ತಿಂತಾ, ಅಲ್ಲಿ ಬಂಗುಡೆ ಹಿಂಗಿತ್ತು, ಬಂಗುಡೆ ಹಂಗಿತ್ತು ಅನ್ನೋರು. ಒಂದಿನ ನಂಗೂ ರೇಗಿ, ಹಂಗಾದ್ರೆ ಅಲ್ಲಿಗೇ ಹೋಗ್ರೀ ಮಾರಾಯ್ರೇ ಅಂದೆ. ಅದಕ್ಕವ್ರು ಏನಂದ್ರು ಗೊತ್ತಾ? ‘ಇಲ್ಲಮ್ಮ, ಈಗಲ್ಲಿ ಜಾಗ ಸಿಗಲ್ಲ. ಮುಂಚೇನೇ ಹೇಳಿ ಕಾಯ್ದಿರಿಸ್ಬೇಕು. ಅಷ್ಟು ಜನ. ಆ ಹೆಂಗ್ಸು ತುಂಬ ಕಷ್ಟಪಟ್ಟವ್ಳು, ಆ ಹುಡ್ಗೀನೂ ಅಷ್ಟೆ, ನನ್ನಿಂದ ಪಾಪ ಒಂದಿನ ಮಂಡಿಯೂರ್ಬೇಕಾಯ್ತು. ಈಗ ಹೋಟ್ಲು ಚೆನ್ನಾಗಿ ಕುದುರಿದೆ. ನಂಗೆ ತುಂಬ ಸಂತೋಷ’ ಅಂದ್ರು. ಯಾರೇ ಆಚೆ ಕಡೆಯಿಂದ ಬರ್ಲಿ, ಆ ಹೋಟ್ಲಲ್ಲಿ ಇನ್ನೂ ಜನ ತುಂಬಿರ್ತಾರಾ ಅಂತ ಕೇಳೋರು. ಯಾರಿಗ್ ಗೊತ್ತು, ಎಲ್ರೂ ಹೂಂ ಅನ್ನೋರು.”

ಒಳಗಿನಿಂದ ಯಾರೋ ಕರೆದರು, ಕಿನುಯೊ ಹೋದಳು. ತೊಮೊಕೊ ಬಟ್ಟಲಿನ ಮೇಲೆ ಬಗ್ಗಿದಳು. ಸಾರಿನ ಮೇಲೆ ತೇಲುತ್ತಿದ್ದ ಈರುಳ್ಳಿಸೊಪ್ಪಿನ ಚೂರುಗಳನ್ನು ಕಡ್ಡಿಯಿಂದ ಒಂದು ಕಡೆಗೆ ಸರಿಸುತ್ತ ಸುಮಾರು ಹೊತ್ತು ಕೂತಳು. ಮುರಾಸೆ ಆ ರಟ್ಟಿನ ಸುಳ್ಳನ್ನು ನಂಬಿದ್ದರು. ತಾನು ಯಾರಿಗಾಗಿ ಬರೆದಿದ್ದಳೋ ಅವರೊಬ್ಬರೇ ಅದನ್ನು ಅಕ್ಷರಶಃ ಓದಿದ್ದರು. ಬೈದಿದ್ದರೆ, ಶಪಿಸಿದ್ದರೆ, ಹಸಿದು ಎಲ್ಲೋ ಸತ್ತಿದ್ದರೆ ಅವಳಿಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಇಪ್ಪತ್ತೈದು ವರ್ಷ ಅಂಥದೊಂದು ನೆಲವನ್ನು ಕಲ್ಪಿಸಿಕೊಂಡೇ ಅವಳು ನಿಂತಿದ್ದಳು. ಅವರು ಒಂಬತ್ತು ವರ್ಷ ಇಲ್ಲಿ ಕೂತು ಸಂತೋಷಪಟ್ಟರು. ರಟ್ಟು ಇಟ್ಟ ಮೇಲೆ ಆ ವರ್ಷ ಹೋಟೆಲಿಗೆ ಜನವೇ ಇರಲಿಲ್ಲ. ಬೇಸಿಗೆಯ ಹೊತ್ತಿಗೆ ಪಕ್ಕದ ಕಾರ್ಖಾನೆ ಮುಚ್ಚಿ, ಹನ್ನೆರಡೂವರೆಗೂ ನಾಲ್ಕು ಸ್ಟೂಲು ಖಾಲಿ ಇರುತ್ತಿದ್ದವು. ರಟ್ಟು ತೆಗೆಯುವುದನ್ನು ಅವಳು ಮರೆತೇಬಿಟ್ಟಿದ್ದಳು. ಅದು ಎಣ್ಣೆ ಹಿಡಿದು ಹಳದಿಯಾಗಿ, ಯಾರಿಗೂ ಅಲ್ಲದ ಆ ಜಾಗವನ್ನು ಕಾಯುತ್ತ ಮಳೆಗಾಲದವರೆಗೂ ಅಲ್ಲೇ ಇತ್ತು.

ಎರಡು ಗಂಟೆಗೆ ಅಲ್ಲೇ ಕೂತು ಫೋನಿನಲ್ಲಿ ವಿಮರ್ಶೆ ಬರೆದಳು. ಕೈ ತಾನಾಗಿ ಓಡಿತು. ಬಣ್ಣಗಳು ಹಿತವಾಗಿವೆ, ಗುಂಡಿಗಳು ತಡವಿಲ್ಲದೆ ಓಗೊಡುತ್ತವೆ, ನಾಲ್ಕು ನಿಮಿಷದ ಮಧ್ಯಾಹ್ನ ದಣಿದು ಮನೆಗೆ ಬಂದವರಿಗೆ ಹೇಳಿ ಮಾಡಿಸಿದಂತಿದೆ. ಅರವತ್ತು ದಿನದ ಆಟ ಬೇಸರ ತರಿಸಲಿಲ್ಲ. ಆಮೇಲೆ ಒಂದು ವಾಕ್ಯ ಬರೆದಳು: ‘ಟೋಪಿಯ ಮುದುಕ ಬಾಗುವುದನ್ನು ಚಿತ್ರಿಸಿದವರು ಯಾರೋ, ಅವರು ಇದನ್ನು ಒಮ್ಮೆಯಾದರೂ ಕಣ್ಣಾರೆ ಕಂಡಿರಬೇಕು, ಅವನನ್ನು ಹಾಗೆ ಕಳಿಸಿದ್ದಕ್ಕೆ ಆಟ ಯಾವ ಬೆಲೆಯನ್ನೂ ಕೇಳುವುದಿಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಲಿ.’ ಓದಿದಳು. ಅಳಿಸಿದಳು. ಮತ್ತೆ ಬರೆದಳು. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಇಲ್ಲ ಎಂದು ಬರೆದರೆ ತನ್ನ ಮನಸ್ಸಿಗೆ ಸ್ವಲ್ಪ ಶಿಕ್ಷೆಯಾದಂತಾಗುತ್ತದೆ, ಆದರೆ ಅದನ್ನು ಹೊರುವವರು ಆ ಆಟ ಮಾಡಿದ ಯಾರೋ ನಾಲ್ಕು ಜನ. ಆಗಲೂ ಹಾಗೇ ಮಾಡಿದ್ದಳು, ಒಬ್ಬ ಮಾಡಿದ್ದಕ್ಕೆ ಇನ್ನೊಬ್ಬರನ್ನು ಜಾಗದಿಂದ ಎಬ್ಬಿಸಿದ್ದಳು. ಆಟ ಚೆನ್ನಾಗಿದೆ. ಅದು ನಿಜ. ‘ಬೆಲೆಗೆ ತಕ್ಕದ್ದು’ ಎಂದು ಬರೆದು ಕಳಿಸಿದಳು.

ಹಳಿ ದಾಟುವಾಗ ಉಶಿಯೊನ ಉತ್ತರ ಬಂತು. ‘ಬೇಗ ಕಳಿಸಿದ್ದಕ್ಕೆ ಥ್ಯಾಂಕ್ಸ್. ಚೆನ್ನಾಗಿದೆ. ಮುದುಕನ ವಾಕ್ಯ ಮಾತ್ರ ತೆಗೆದಿದ್ದೀನಿ, ಜಾಗ ಇರಲಿಲ್ಲ. ಬೇಜಾರಿಲ್ಲ ತಾನೆ?’ ಅವಳು ಹಳಿಯ ನಡುವೆಯೇ ನಿಂತಳು. ಬೇಜಾರಿಲ್ಲ ಎಂದು ಉತ್ತರಿಸಿದಳು. ಇದಕ್ಕಿಂತ ಬೇರೆ ಉತ್ತರ ತನಗೆ ಬರುತ್ತದೆಯೇ ಎಂದು ನೋಡಿದಳು, ಬರಲಿಲ್ಲ.

ಸ್ನಾನದ ಮನೆಯ ಬಾಗಿಲು ಆಗತಾನೆ ತೆರೆದಿತ್ತು. ತಮ್ಮ ತಮ್ಮ ಪ್ಲಾಸ್ಟಿಕ್ ಬೋಗುಣಿ, ಸೋಪು ಹಿಡಿದ ಮುದುಕರು ಮುದುಕಿಯರು ಏಳೆಂಟು ಜನ ಒಳಗೆ ನುಗ್ಗಿದ್ದರು. ಅತ್ತೆ ಪೀಠದ ಮೇಲೆ ಕೂತು ದುಡ್ಡು ಈಸಿಕೊಳ್ಳುತ್ತ, ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ತೊಮೊಕೊಳನ್ನು ನೋಡಿ ಕತ್ತು ಮುಂದೆ ಚಾಚಿದಳು.

“ಒಳ್ಳೇದಾ, ಕೆಟ್ಟದ್ದಾ?”

“ನಂಗ್ ಗೊತ್ತಾಗ್ಲಿಲ್ಲ ಅತ್ತೆ.”

“ಅದೆಂಥದ್ದೇ ಗೊತ್ತಾಗ್ದೇ ಇರೋ ಸುದ್ದಿ? ಹೇಳು.”

ನಿಂತಲ್ಲೇ ಹೇಳಿದಳು. ಬೂಟು ಬಿಚ್ಚುತ್ತಿದ್ದವರೂ ಕೇಳಿಸಿಕೊಂಡರು. ಒಂಬತ್ತು ವರ್ಷ ಎಂದಳು, ಬಂಗುಡೆಯ ಮಾತು ಹೇಳಿದಳು, ಜಾಗ ಸಿಗಲ್ಲ ಅಂದದ್ದನ್ನು ಹೇಳಿದಳು, ಸಂತೋಷ ಅಂದದ್ದನ್ನೂ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ. ಅತ್ತೆ ಅಲುಗಾಡದೆ ಕೇಳಿದಳು. ಒಬ್ಬ ಹೆಂಗಸು ಚಾಚಿದ ನಾಣ್ಯಗಳು ಅವಳ ಮುಂದೆಯೇ ಇದ್ದವು.

“ನಮ್ ಹೋಟ್ಲು ಕುದುರಿದೆ ಅಂದ್ಕೊಂಡಿದ್ರಾ?” ಎಂದಳು ಕೊನೆಗೆ.

“ಹೂಂ.”

“ಆ ವರ್ಷಾನಾ?”

“ಹೂಂ ಅತ್ತೆ.”

ಅತ್ತೆ ಪೀಠದ ಎರಡೂ ಬದಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹೊರಗೆ ಹೋದಳು. ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಕೆಳಗಿನಿಂದ ಅವಳ ಕಾಲು ಮಾತ್ರ ಕಾಣುತ್ತಿತ್ತು, ಬಿಸಿಲಿನಲ್ಲಿ, ಹಳಿಯ ಕಡೆ ತಿರುಗಿ ನಿಂತ ಕಾಲು. ಒಳಗೆ ಎಲ್ಲರೂ ದುಡ್ಡು ಹಿಡಿದುಕೊಂಡು ಕಾದರು. “ಫುಸಾಯೆಯವ್ರಿಗೆ ಏನಾಯ್ತು? ಯಾರಾದ್ರೂ ತೀರ್ಕೊಂಡ್ರಾ?” ಎಂದು ಒಬ್ಬ ಮುದುಕ ಕೇಳಿದ. “ಹೌದು. ತುಂಬ ದಿನ ಆಯ್ತು,” ಎಂದಳು ತೊಮೊಕೊ. ಅತ್ತೆ ತಿರುಗಿ ಬರುವ ಲಕ್ಷಣ ಕಾಣಲಿಲ್ಲ. ಹಿಂದಿನವರು ಕಾಲು ಬದಲಿಸಿ ನಿಂತರು. ಯಾರೋ ಕೆಮ್ಮಿದರು. ಆಗ ತೊಮೊಕೊ ಚೀಲ ಕೆಳಗಿಟ್ಟು, ಪೀಠ ಹತ್ತಿ, ಅತ್ತೆಯ ಮೈಯ ಬಿಸಿ ಇನ್ನೂ ಆರದ ಮೆತ್ತೆಯ ಮೇಲೆ ಕೂತಳು. ಕೈ ಚಾಚಿದಳು. ಬಾಯಿ ತೆರೆದಾಗ ಹೊರಟದ್ದು ಇಪ್ಪತ್ತೈದು ವರ್ಷ ಅವಳು ಎಲ್ಲೂ ಆಡದ ಮಾತು, ಆಗಿನದೇ ಆ ತೆಳ್ಳನೆಯ, ಎಳೆಯ, ನಗುವ ದನಿಯಲ್ಲಿ: “ಬನ್ನಿ, ಬನ್ನಿ. ಒಳಗೆ ಬೇಕಾದಷ್ಟು ಜಾಗ ಇದೆ.”